ಬೋಣಿ ನೀರು

ಗಾಜಿನ ನಳಿಕೆಯಲ್ಲಿದ್ದ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ ನೀರಿನ ಪ್ರಯೋಗಾಲಯದ ಹಿರಿಯ ಪರೀಕ್ಷಕಿಗೆ ಮೊದಲು ಬಂದದ್ದು ಸಿಟ್ಟು. ನೀರಿನಲ್ಲಿ ಗೊಬ್ಬರದ ನೈಟ್ರೇಟ್ ಇದ್ದರೆ ಮಾತ್ರ ಆ ಪುಡಿ ಬಣ್ಣ ಬಿಡಬೇಕು. ಇವತ್ತು ತೆರೆದ ಹೊಸ ಡಬ್ಬಿಯ ಪುಡಿ ಅವಳ ಸ್ವಂತ ಮನೆಯ ಬಾವಿ ನೀರಿಗೇ ಬಣ್ಣ ಬಿಟ್ಟಿತ್ತು.

“ಇದೇನ್ರೀ ಇದು, ಪುಡೀನೇ ಕೆಟ್ಟೋಗಿದೆ! ಡಬ್ಬಿ ವಾಪಸ್ ಕಳಿಸಿ,” ಎಂದಳು.

ಎದುರು ಮೇಜಿನ ಸಹೋದ್ಯೋಗಿ ತಲೆಯೆತ್ತಿ ನಕ್ಕ. ಹೊಸ ಡಬ್ಬಿಯನ್ನು ಭಟ್ಟಿ ಇಳಿಸಿದ ನೀರಿನಿಂದ ಪರೀಕ್ಷಿಸಬೇಕೆಂಬುದು ಆ ಪ್ರಯೋಗಾಲಯದ ನಿಯಮ. ಆದರೆ ಬೋಣಿ ಮಾತ್ರ ಯಾವಾಗಲೂ ಇವಳ ಬಾವಿ ನೀರಿನದೇ. ಒಂದು ಡಬ್ಬಿ ಒಂದೂವರೆ ವರ್ಷ ಬರುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಯಾವ ಡಬ್ಬಿಯ ಪುಡಿಗೂ ಆ ನೀರು ಮಿಸುಕಿರಲಿಲ್ಲ. ಅದಕ್ಕೇ ಬೆನ್ನ ಹಿಂದೆ ಎಲ್ಲರೂ ಅವಳನ್ನು ಸೊನ್ನೆ ಮೇಡಂ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗಲೂ ಅವಳಿಗೆ ಬೇಜಾರಾಗಿರಲಿಲ್ಲ, ಒಳಗೊಳಗೇ ಜಂಬವಾಗಿತ್ತು.

“ಪಾಪ, ಪುಡಿ ಮೇಲೆ ಯಾಕೆ ಗೂಬೆ ಕೂರಿಸ್ತೀರಿ ಮೇಡಂ? ಭಟ್ಟಿ ನೀರಿಗೆ ಹಾಕಿ ನೋಡಿ,” ಎಂದ ಅವನು.

ಹಾಕಿದಳು. ಐದು ನಿಮಿಷ ಕಾದರೂ ಆ ನೀರು ತಿಳಿಯಾಗಿಯೇ ಇತ್ತು. ಇನ್ನೊಂದು ನಳಿಕೆಯನ್ನು ಮೂರು ಸಲ ತೊಳೆದು, ಬಾವಿ ನೀರನ್ನೇ ಮತ್ತೆ ಸುರಿದು, ಪುಡಿ ಹಾಕಿ ಅಲುಗಾಡಿಸಿದಳು. ಈ ಸಲ ಐದು ನಿಮಿಷವೂ ಬೇಕಾಗಲಿಲ್ಲ. ನೀರು ಮತ್ತೆ ಗುಲಾಬಿಯಾಗಿತ್ತು.

“ಮನೆ ಹತ್ರ ಏನಾದ್ರೂ ಬದಲಾಗಿದ್ಯಾ?” ಸಹೋದ್ಯೋಗಿ ಎದ್ದು ಬಂದ.

“ಏನಿಲ್ಲಪ್ಪ. ಹಿಂದುಗಡೆ ಜೌಗು ಇತ್ತಲ್ಲ, ಹೋದ ವರ್ಷ ಅದಕ್ಕೆ ಕಲ್ಲು ಮಣ್ಣು ತುಂಬಿಸಿ ಲಾರಿ ನಿಲ್ಲಿಸೋಕೆ ಜಾಗ ಮಾಡಿದ್ರು. ಸೊಳ್ಳೆ ಕಾಟ ತಪ್ಪಿತು ಅಂತ ನಾವೂ…”

ಮಾತು ಅಲ್ಲಿಗೇ ನಿಂತಿತು. ದಿಬ್ಬದ ಮೇಲಿನ ಹೊಲಗಳ ಗೊಬ್ಬರವೆಲ್ಲ ನೀರಿನ ಜೊತೆ ಇಳಿದು ಬರುತ್ತಿದ್ದದ್ದು ಆ ಜೌಗಿಗೆ. ಅಲ್ಲಿ ಹುಲ್ಲು, ಎಲೆ ಕೊಳೆತು ಕಪ್ಪಗಾದ ಕೆಸರು. ಗಾಳಿಯಾಡದ ಆ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಆ ಕೊಳೆತದ್ದನ್ನೇ ಉಂಡು, ಉಸಿರಿಗೆ ಬೇಕಾದದ್ದನ್ನು ನೈಟ್ರೇಟಿನಿಂದ ಕಿತ್ತುಕೊಂಡು, ಉಳಿದ ಸಾರಜನಕವನ್ನು ಗಾಳಿಗೆ ಬಿಡುತ್ತಿದ್ದವು. ಹೊಸಬರು ಕೆಲಸಕ್ಕೆ ಸೇರಿದಾಗಲೆಲ್ಲ ಇದನ್ನು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದವಳು ಅವಳೇ. ಜೌಗು ತುಂಬಿಸುವ ಮುಂಚೆ ಅದರ ಕೆಳಬದಿಯ ನೀರನ್ನು ಇದೇ ಮೇಜಿನ ಮೇಲೆ ಪರೀಕ್ಷಿಸಿ, ‘ನೀರು ಶುದ್ಧವಾಗಿದೆ, ತುಂಬಿಸಲು ಆಕ್ಷೇಪಣೆ ಇಲ್ಲ’ ಎಂದು ಸಹಿ ಹಾಕಿದವಳೂ ಅವಳೇ. ಮೇಲ್ಬದಿಯ ನೀರನ್ನು ಒಂದು ಬಾಟಲಿ ತರಿಸಿ ನೋಡಿರಲಿಲ್ಲ. ನೀರು ಶುದ್ಧವಾಗಿದ್ದದ್ದೇ ಜೌಗಿನಿಂದ ಎಂದು ಇಷ್ಟೆಲ್ಲ ಓದಿದವಳಿಗೆ ಹೊಳೆದಿರಲಿಲ್ಲ. ಇಂಥ ತಪ್ಪು ಮಾಡಲು ಅಷ್ಟು ಓದಿಯೇ ಇರಬೇಕೇನೋ.

ಸಹೋದ್ಯೋಗಿ ನಳಿಕೆಯನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿ ಅವಳ ಕೈಗೆ ಕೊಟ್ಟ. “ಇರಬೇಕಾದ್ದಕ್ಕಿಂತ ಮೂರು ಪಟ್ಟು ಇದೆ. ದೊಡ್ಡೋರಿಗೆ ಕೂಡಲೇ ಏನೂ ಆಗಲ್ಲ ಬಿಡಿ. ಕೈಗೂಸು ಇರೋ ಮನೇಲಿ ಮಾತ್ರ…”

ಅವನೂ ನಾಲಿಗೆ ಕಚ್ಚಿಕೊಂಡ. ಮೊಮ್ಮಗ ಹುಟ್ಟಿದನೆಂದು ಎರಡು ತಿಂಗಳ ಹಿಂದೆ ಅವಳು ಹಂಚಿದ ಸಿಹಿಯನ್ನು ಅವನೂ ತಿಂದಿದ್ದ.

ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳಿಗೆ ಹಾಲು ಸಾಲದೆ ಮಗುವಿಗೆ ಪುಡಿ ಹಾಲು ಹಾಕುತ್ತಿದ್ದರು. ವಾರದಿಂದ ಮಗುವಿನ ತುಟಿ ಕಪ್ಪಿಟ್ಟಂತಿತ್ತು. ಮಗುವಿನ ತಾತ, ಇವಳ ಗಂಡ, ಸಿಗರೇಟಿನ ಗಿರಾಕಿ. ‘ಸೇದದೇನೇ ತಾತನ ತುಟಿ ಬಂದುಬಿಟ್ಟಿದೆ ನೋಡು ಕಳ್ಳನಿಗೆ’ ಎಂದು ಇವತ್ತು ಬೆಳಿಗ್ಗೆ ಮಗುವಿನ ಗಲ್ಲ ಹಿಡಿದು ನಗಿಸಿದ್ದವಳು ಅವಳೇ. ಈಗ ಅದು ನೆನಪಾಗಿ ಅವಳು ಫೋನಿಗೆ ಕೈ ಹಾಕಿದಳು.

ಮಗಳು ಫೋನು ಎತ್ತುತ್ತಲೇ, “ಪಾಪು ಏನ್ ಮಾಡ್ತಿದೆ?” ಎಂದಳು.

“ಈಗಷ್ಟೇ ಬಾಟಲಿ ಪೂರ್ತಿ ಖಾಲಿ ಮಾಡಿ ಮಲಗ್ತು. ಯಾಕಮ್ಮ?” ಮಗಳ ದನಿ.

“ಯಾವ ನೀರು ಹಾಕ್ದೆ?”

“ನಮ್ಮ ಬಾವೀದೇ. ಹೆದರಬೇಡ, ಚೆನ್ನಾಗಿ ಕುದಿಸಿದೀನಿ. ಅರ್ಧ ಪಾತ್ರೆಗೆ ಇಳಿಯೋ ತನಕ ಇಟ್ಟಿದ್ದೆ.”

ಕುದಿಸಿದರೆ ಹೋಗುವುದು ನೀರು, ನೈಟ್ರೇಟ್ ಅಲ್ಲ. ಅರ್ಧಕ್ಕೆ ಇಳಿದ ನೀರಿನಲ್ಲಿ ಅದು ಎರಡರಷ್ಟಾಗಿ ಕೂತಿರುತ್ತದೆ. ಅದು ಕೈಗೂಸಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ; ಮೊದಲು ನೀಲಿಗಟ್ಟುವುದು ತುಟಿ, ಉಗುರು.

“ತುಟಿ ನೋಡೇ. ಕಿಟಕಿ ಹತ್ರ ಎತ್ಕೊಂಡು ಹೋಗಿ ನೋಡು. ಉಗುರೂ ನೋಡು.”

ಆ ಕಡೆ ಕಿಟಕಿಯ ಪರದೆ ಸರಿಸಿದ ಸದ್ದು ಕೇಳಿಸಿತು.

“ನೀಲಿಯಾಗಿದೆ ಅಮ್ಮ. ಬೆಳಿಗ್ಗೆಗಿಂತ ಜಾಸ್ತಿ ಇದೆ. ಎಬ್ಬಿಸಿದ್ರೂ ಕಣ್ಣು ಬಿಡ್ತಿಲ್ಲ. ಅಮ್ಮ, ಏನಾಗಿದೆ ಇವನಿಗೆ?”

“ಆಸ್ಪತ್ರೆಗೆ ಓಡು. ಚಪ್ಪಲಿ ಗಿಪ್ಪಲಿ ಹುಡುಕಬೇಡ, ಹಾಗೇ ಓಡು. ಬಾವಿ ನೀರಲ್ಲಿ ನೈಟ್ರೇಟ್ ಇತ್ತು, ಅದನ್ನೇ ಕುಡಿಸಿದೀನಿ ಅಂತ ಹೇಳು, ಅವರಿಗೆ ಮದ್ದು ಗೊತ್ತು. ನಾನು ಹೊರಟೆ.”

ಬಾಗಿಲ ಬಳಿ ಸಹೋದ್ಯೋಗಿ ಕೂಗಿದ: “ಮೇಡಂ, ಕೈಯಲ್ಲಿ ನಳಿಕೆ!”

ಅವಳು ನೋಡಿಕೊಂಡಳು. ಬೆರಳುಗಳು ಅದನ್ನು ಬಿಗಿಯಾಗಿ ಹಿಡಿದೇ ಇದ್ದವು. ಮಗುವಿನ ತುಟಿಯ ಮೇಲೆ ಇರಬೇಕಾಗಿದ್ದ ಬಣ್ಣವೆಲ್ಲ ಅದರಲ್ಲಿತ್ತು.