ನಿದ್ದೆಯಲ್ಲಾಡಿದ ಮಾತು

“ರಾತ್ರಿ ಮತ್ತೆ ನಿನ್ನ ಬಾಯಲ್ಲಿ ಅವನ ಹೆಸರು ಬಂತು,” ಎಂದ ಹಲ್ದೂನ್, ಆಲಿವ್ ಕಾಯಿಯ ಬೀಜವನ್ನು ತಟ್ಟೆಯ ಅಂಚಿಗಿಡುತ್ತ. “ಜೆವ್ದೆತ್, ಜೆವ್ದೆತ್ ಅಂತ. ಪರವಾಗಿಲ್ಲ ಚಿನ್ನಾ, ಕ್ಷಮಿಸಿದೀನಿ. ನಿದ್ದೇಲಿ ಆಡಿದ್ದಕ್ಕೆ ನೀನೇನು ಮಾಡೋಕಾಗುತ್ತೆ?”

ಚಹಾ ಬಗ್ಗಿಸುತ್ತಿದ್ದ ಹೆಂಡತಿ ಸೆಹೆರ್‌ಳ ಕೈ ಅಲ್ಲೇ ನಿಂತಿತು. ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದ ಅತ್ತೆ ಬೆಹಿಜೆ ತಲೆ ಎತ್ತಲಿಲ್ಲ.

ಜೆವ್ದೆತ್ ಹಿಂದೊಮ್ಮೆ ಸೆಹೆರ್‌ಳನ್ನು ಮದುವೆಗೆ ಕೇಳಿ ಬಂದಿದ್ದ ಸಂಗೀತದ ಮೇಷ್ಟ್ರು. ಮುಚ್ಚಿಡಬಾರದೆಂದು ಅವಳೇ ಗಂಡನಿಗೆ ಹೇಳಿದ್ದಳು. ಆಗ ಅವನು ನಕ್ಕು ಸುಮ್ಮನಾಗಿದ್ದ. ವರ್ಷ ಕಳೆದ ಮೇಲೆ ಆ ಹೆಸರು ಅವಳ ನಿದ್ದೆಯಲ್ಲಿ ಬರತೊಡಗಿತು, ಹಲ್ದೂನ್ ಹೇಳುವ ಪ್ರಕಾರ. ಅವನು ಒಂದು ದಿನವೂ ದನಿ ಎತ್ತಲಿಲ್ಲ. ಪ್ರತಿ ಸಲವೂ ಕ್ಷಮಿಸಿದ; ಪ್ರತಿ ಕ್ಷಮೆಯ ಹಿಂದೆಯೇ ಅವಳದೊಂದು ಕಳಚಿಹೋಯಿತು. ಅವನ ಮನಸ್ಸಿಗೆ ನೆಮ್ಮದಿಯಾಗಲೆಂದು ಶಾಲೆಯ ಕೆಲಸ ಬಿಟ್ಟಳು. ಗೆಳತಿಯರನ್ನು ಬಿಟ್ಟಳು. ಕೊನೆಗೆ ಫೋನನ್ನೂ ತಾನಾಗಿ ತಂದು ಅವನ ಕೈಗಿಟ್ಟಳು. ಐವಾಲಿಕ್ ಊರಿನ ಹೆಂಗಸರೆಲ್ಲ “ಚಿನ್ನದಂಥ ಗಂಡ, ಪುಣ್ಯ ಮಾಡಿದೀಯ” ಅನ್ನುತ್ತಿದ್ದರು. ಮಲಗುವ ಮುಂಚೆ ಅವಳು ದೇವರನ್ನು ಬೇಡುತ್ತಿದ್ದುದು ಒಂದನ್ನೇ: ನನ್ನ ಬಾಯಿ ಕಟ್ಟಿಹಾಕು.

ಅಕ್ಕನಿಗೆ ಹೆರಿಗೆಯಾಯಿತೆಂದು ಅವಳೊಬ್ಬಳೇ ಇಜ್ಮಿರ್ ನಗರಕ್ಕೆ ಹೋದಾಗ ಅಕ್ಕತಂಗಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಬೇಕಾಯಿತು. ತಾನು ನಿದ್ದೆಯಲ್ಲಿ ಏನಾದರೂ ಬಡಬಡಿಸಿದರೆ ಕಿವಿಗೆ ಹಾಕಿಕೊಳ್ಳಬೇಡವೆಂದು ಸೆಹೆರ್ ಮೊದಲೇ ನಾಚಿಕೊಂಡು ಹೇಳಿದ್ದಳು. ಊರಿಗೆ ಹೊರಟ ದಿನ ಅಕ್ಕ ನಕ್ಕುಬಿಟ್ಟಳು. “ಬಡಬಡಿಸೋದಾ? ಮಗು ಅರಚಿಕೊಂಡ್ರೂ ನೀನು ಮಗ್ಗುಲು ಬದಲಾಯಿಸ್ಲಿಲ್ಲ. ಹಿಟ್ಟಿನ ಮೂಟೆ ಹಾಗೆ ಬಿದ್ದಿದ್ದೆ. ಯಾರೇ ನಿಂಗೆ ಹಾಗಂದಿದ್ದು?”

ಬಸ್ಸಿನಲ್ಲಿ ಕೂತಾಗ ಸೆಹೆರ್‌ಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಮಾಡದ ತಪ್ಪಿಗೆ ಗಂಡನ ಕೈ ಹಿಡಿದುಕೊಂಡು ಎಷ್ಟು ಸಲ ಅತ್ತಿದ್ದಳು! ಸಿಟ್ಟು ಬಂದದ್ದು ಮನೆಯ ಬಾಗಿಲಲ್ಲಿ, ಅವನು ಹಣೆಗೆ ಮುತ್ತಿಟ್ಟಾಗ.

ಮರುದಿನ ಬೆಳಿಗ್ಗೆ ಅವಳೇ ಮೊದಲು ಬಾಯಿ ತೆರೆದಳು. “ರಾತ್ರಿ ನಿದ್ದೇಲಿ ನೀನೂ ಮಾತಾಡ್ದೆ.”

“ನಾನಾ?” ಹಲ್ದೂನ್ ನಕ್ಕ. “ಏನಂದೆ?”

“ಬಿಡು. ಕ್ಷಮಿಸಿದೀನಿ.”

ಅವನದೇ ಔಷಧಿಯ ರುಚಿ ಅವನಿಗೂ ತೋರಿಸೋಣ ಎಂದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ನಕ್ಕು ಮರೆತುಬಿಡುತ್ತಾನೆ, ಇಲ್ಲವೇ ರೇಗುತ್ತಾನೆ ಅಂದುಕೊಂಡಿದ್ದಳು. ಆದರೆ ಅವನ ನಗು ಆರಿ ಮುಖ ಬಿಳಿಚಿಕೊಂಡಿತು. ಅಂದು ಎಣ್ಣೆಗಿರಣಿಗೆ ಹೋಗಲಿಲ್ಲ. ಅಡುಗೆಮನೆಗೆ ಬಂದು ಕೇಳಿದ, ಅಂಗಳದಲ್ಲಿ ಕೇಳಿದ, ಬಚ್ಚಲಿನ ಬಾಗಿಲ ಹೊರಗೆ ನಿಂತು ಕೇಳಿದ: “ಏನಂದೆ ಹೇಳೇ.” ಹೇಳಲು ಅವಳ ಹತ್ತಿರ ಒಂದು ಸುಳ್ಳೂ ಇರಲಿಲ್ಲ. “ಕ್ಷಮಿಸಿದೀನಿ ಅಂದ್ನಲ್ಲ,” ಎಂದಳು.

ಅಂದಿನಿಂದ ಹಲ್ದೂನ್ ಹಾಸಿಗೆಗೆ ಬರುವುದನ್ನೇ ಬಿಟ್ಟ. ಕುರ್ಚಿಯಲ್ಲಿ ಕೂತು ಕಾಫಿಯ ಮೇಲೆ ಕಾಫಿ ಕುಡಿದ. ಕಣ್ಣು ಕೆಂಪಾಯಿತು, ಗಡ್ಡ ಹೆರೆದುಕೊಳ್ಳುವಾಗ ಕೆನ್ನೆ ಕೊಯ್ದುಕೊಂಡ. “ಕುರ್ಚೀಲೇ ತೂಕಡಿಸಿದ್ಯಲ್ಲ, ಆಗಲೂ ಮಾತಾಡ್ದೆ ನೀನು,” ಎಂದು ಸೆಹೆರ್ ಬೆಳಿಗ್ಗೆ ಮೆಲ್ಲಗೆ ಹೇಳುತ್ತಿದ್ದಳು. ಒಬ್ಬ ಮನುಷ್ಯ ತನಗೆ ಹೆದರುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದರ ರುಚಿ ಅವಳಿಗೆ ಹೇಸಿಗೆ ಹುಟ್ಟಿಸಿತು. ಬಿಡಲೂ ಆಗಲಿಲ್ಲ.

ಶುಕ್ರವಾರ ಮೂವರೂ ತಿಂಡಿಗೆ ಕೂತಿದ್ದರು. “ನಿನ್ನೆ ರಾತ್ರಿ ನಿದ್ದೇಲಿ ಅತ್ತುಬಿಟ್ಟೆ ನೀನು, ಪಾಪ,” ಎಂದಳು ಸೆಹೆರ್.

ಹಲ್ದೂನ್ ಮೇಜಿಗೆ ಗುದ್ದಿದ ರಭಸಕ್ಕೆ ಚಹಾದ ಲೋಟಗಳು ಉರುಳಿದವು. “ನಾನು ಎಕ್ರೆಮ್ ಅಂದೆ, ಅಲ್ವಾ? ಹಗ್ಗ ಅಂದೆ! ಹೌದು, ಹಗ್ಗ ನನ್ನ ಕೈಯಲ್ಲೇ ಇತ್ತು. ಎಸೀಬಹುದಿತ್ತು, ಎಸೀಲಿಲ್ಲ. ನೀರಲ್ಲಿ ಕೂಗ್ತಾ ಇದ್ದ, ನೋಡ್ತಾ ನಿಂತೆ. ಆದ್ರೆ ತಳ್ಳಿಲ್ಲ ಕಣೇ ನಾನು! ತಾನೇ ಬಿದ್ದ, ದೋಣಿಯಿಂದ ತಾನೇ ಬಿದ್ದ!”

ಎಕ್ರೆಮ್ ಅವನ ಅಣ್ಣ. ಸೆಹೆರ್ ಈ ಮನೆಗೆ ಬರುವ ಮೊದಲೇ ಸಮುದ್ರದ ಪಾಲಾಗಿದ್ದ. ಬಿರುಗಾಳಿಗೆ ಸಿಕ್ಕ ಎಂದು ಊರೆಲ್ಲ ಹೇಳುತ್ತಿತ್ತು. ಅವಳೂ ಅಷ್ಟನ್ನೇ ಕೇಳಿದ್ದಳು. ಈಗ ಗಂಡನ ಮುಖ ನೋಡಲಾರದೆ ಅತ್ತೆಯತ್ತ ತಿರುಗಿದಳು.

ಬೆಹಿಜೆ ಉರುಳಿದ ಲೋಟಗಳನ್ನು ನೆಟ್ಟಗೆ ನಿಲ್ಲಿಸಿದರು. ಮೇಜಿನ ಮೇಲೆ ಹರಿಯುತ್ತಿದ್ದ ಚಹಾವನ್ನು ಬಟ್ಟೆಯಲ್ಲಿ ಒರೆಸಿದರು. ಆಮೇಲೆ ಎದ್ದು ಬಂದು ಮಗನ ತಲೆಯ ಮೇಲೆ ಕೈಯಿಟ್ಟರು.

“ನೀನು ನಿದ್ದೇಲಿ ಮಾತಾಡಲ್ಲ ಮಗನೇ,” ಎಂದರು. “ನಿನ್ನ ಕೋಣೆಗೂ ನನ್ನ ಕೋಣೆಗೂ ನಡುವೆ ಇರೋದು ಬರೀ ಒಂದು ಹಲಗೆ ಗೋಡೆ. ಎಕ್ರೆಮ್ ಹೋದಾಗಿನಿಂದ ದಿನಾ ರಾತ್ರಿ ಅದಕ್ಕೆ ಕಿವಿ ಹಚ್ಕೊಂಡು ಕೂತಿದೀನಿ, ಅವನ ಬಗ್ಗೆ ನಿನ್ನ ಬಾಯಿಂದ ಒಂದು ಮಾತಾದ್ರೂ ಬಿದ್ದೀತಾ ಅಂತ. ನೀನೂ ಆಡ್ಲಿಲ್ಲ, ಇವಳೂ ಆಡ್ಲಿಲ್ಲ.”

ಹಲ್ದೂನ್ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಸೆಹೆರ್‌ಗೆ ಕೊನೆಯ ಮಾತು ತಡವಾಗಿ ತಾಕಿತು.

“ನಾನು ಏನೂ ಮಾತಾಡಲ್ಲ ಅಂತ ನಿಮಗೆ ಗೊತ್ತಿತ್ತು,” ಎಂದಳು. “ದಿನಾ ಬೆಳಿಗ್ಗೆ ನನ್ನ ಎದುರಿಗೇ ಕೂತಿದ್ರಿ. ಗೊತ್ತಿದ್ದೂ ಯಾಕೆ ಸುಮ್ನಿದ್ರಿ ಅತ್ತೆ?”

ಮಗನ ಕೂದಲು ನೇವರಿಸುತ್ತಲೇ ಬೆಹಿಜೆ ಅವಳನ್ನು ನೋಡಿದರು.

“ನೀನು ಯಾವತ್ತು ತಿರುಗಿಬಿದ್ದು ಇವನ ಬಾಯಿ ಬಿಡಿಸ್ತೀಯೋ ಅಂತ ಕಾಯ್ತಾ ಇದ್ದೆ. ತುಂಬಾ ತಡ ಮಾಡ್ದೆ ಕಣಮ್ಮ.”