ಒಳ್ಳೆಯ ಅಪ್ಪ

"ನನ್ನ ಸನ್ಮಾನಕ್ಕೆ ಯಾಕೆ ಬರ್ಲಿಲ್ಲ? ನಿನಗೇನು ಕಮ್ಮಿ ಮಾಡಿದ್ದೆ?" ಎಂದು ವಿಜ್ಞಾನಿ ಅಪ್ಪ ಪದಕದ ಸಮೇತ ವಾರ್ಡಿಗೆ ನುಗ್ಗಿದಾಗ, ನರ್ಸ್ ಮಗಳು ಪುಟ್ಟ ಹುಡುಗಿಯೊಬ್ಬಳಿಗೆ ಆಮ್ಲಜನಕದ ಮಾಸ್ಕ್ ಹಾಕುತ್ತಿದ್ದಳು. ಯುದ್ಧದಲ್ಲಿ ಆ ಹುಡುಗಿಯ ಊರಿನ ಮೇಲೆ ಸುರಿದದ್ದು ಈ ಅಪ್ಪನೇ ಕಂಡುಹಿಡಿದ ವಿಷಾನಿಲ.

ಮಗಳ ಮೈಯೆಲ್ಲ ಉರಿದುಹೋಯಿತು. "ಏನೂ ಕಮ್ಮಿ ಮಾಡ್ಲಿಲ್ಲಪ್ಪ. ಅಮ್ಮ ಹೋದ್ಮೇಲೆ ದಿನಾ ಜಡೆ ಹಾಕಿ, ನನ್ನನ್ನ ಸ್ಕೂಲಿಗೆ ಬಿಟ್ಟೇ ಲ್ಯಾಬಿಗೆ ಹೋಗ್ತಿದ್ರಿ. ಸಿಟ್ಟು ಅದಕ್ಕೇ! ಕೆಟ್ಟ ಅಪ್ಪ ಆಗಿದ್ದಿದ್ರೆ, ಮಕ್ಕಳು ಅಂದ್ರೇನು ಅಂತ ಗೊತ್ತಿಲ್ಲ ಪಾಪ ಅಂದ್ಕೊಳ್ತಿದ್ದೆ."

"ನಾನು ಕಂಡುಹಿಡಿದೆ ಅಷ್ಟೆ. ಸುರಿದವರು ಬೇರೆ," ಅಪ್ಪ ತೊದಲಿದರು.

"ಅದನ್ನ ಇವಳಿಗೆ ಹೇಳಿ."

ಹುಡುಗಿ ಮಾಸ್ಕ್ ಸರಿಸಿ, ಕೆಮ್ಮುತ್ತಲೇ ಮಂಚದಲ್ಲಿ ಜಾಗ ಬಿಟ್ಟಳು. "ತಾತ, ಇಲ್ಲಿ ಕೂತ್ಕೊಳ್ಳಿ."

ಅಪ್ಪ ಬಾಗಿಲ ಕಡೆ ತಿರುಗಿದರು. ಮಗಳು ಅಡ್ಡ ನಿಂತಳು.

"ಕೂತ್ಕೊಳ್ಳಿ ಅಪ್ಪ," ಎಂದಳು ಹಲ್ಲು ಕಚ್ಚಿ. "ಮಗು ಕರೀತಿದೆ."