ಮರಗಟ್ಟಿದ ಪಾದ, ಅವ್ವನ ಕೈ

ನಮ್ಮ ಓಣಿಯ ನರ್ಸ್ ಅಕ್ಕ ಹೇಳಿದ್ದು ಇದು... ಕೇಳಿದ ದಿನದಿಂದ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಅವರ ವಾರ್ಡಿಗೆ ನೀಲವ್ವ ಎಂಬ ತಾಯಿ ಬಂದಿದ್ದಳು. ಜೊತೆಗೆ ಆರು ವರ್ಷದ ಮಗಳು ಪಲ್ಲವಿ. ಹುಟ್ಟುವಾಗಲೇ ಮಗುವಿನ ಬಲಪಾದ ಒಳಕ್ಕೆ ತಿರುಚಿಕೊಂಡಿತ್ತು.

ನಾಲ್ಕನೇ ವಯಸ್ಸಿಗೆ ಬೇರೆ ಕಡೆ ಒಂದು ಆಪರೇಷನ್ ಆಗಿತ್ತು. ಆಗ ಮಗು ನೋವಿಗೆ ಕಿರುಚಿದ್ದೇ ಕಿರುಚಿದ್ದು...

ಪ್ರತಿ ಡ್ರೆಸ್ಸಿಂಗ್‌ಗೂ ಆ ಕಾಲನ್ನು ಅಲುಗಾಡದಂತೆ ಹಿಡಿದವಳು ನೀಲವ್ವ. ಬೇರೆ ಯಾರು ಹಿಡಿಯಬೇಕು ಹೇಳಿ?

ಆದರೆ ಮಕ್ಕಳಿಗೆ ಡಾಕ್ಟರ್ ನೆನಪಿರುವುದಿಲ್ಲ. ಹಿಡಿದ ಕೈ ನೆನಪಿರುತ್ತದೆ.

ಅಂದಿನಿಂದ ಎರಡು ವರ್ಷ ಪಲ್ಲವಿ ಅವ್ವನಿಗೆ ಆ ಕಾಲು ಮುಟ್ಟಲು ಬಿಟ್ಟಿರಲಿಲ್ಲ. ಸ್ನಾನಕ್ಕೂ ಅಜ್ಜಿಯೇ ಬೇಕು. ಪಕ್ಕದ ಮನೆಯವರು ಮಕ್ಕಳ ಕಾಲಿಗೆ ಎಣ್ಣೆ ತಿಕ್ಕುವಾಗ ನೀಲವ್ವ ನೋಡುತ್ತಾ ನಿಂತುಬಿಡುತ್ತಿದ್ದಳು. ಹೆತ್ತ ಕರುಳು... ಎಷ್ಟು ಹಂಬಲಿಸಿರಬೇಡ!

ಈಗ ಅದೇ ಪಾದಕ್ಕೆ ಎರಡನೇ ಆಪರೇಷನ್. ಈ ಸಲ ಅರಿವಳಿಕೆ ಡಾಕ್ಟರ್ ಮೇಡಂ ನೀಲವ್ವನನ್ನು ಮೊದಲೇ ಕೂರಿಸಿ ಹೇಳಿದರು. "ಮಗು ನಿದ್ದ್ಯಾಗ ಇದ್ದಾಗನ, ಸ್ಕ್ಯಾನ್ ನೋಡ್ಕೊಂತ ಮೊಣಕಾಲ ಹಿಂದಿನ ನರದ ಬಾಜೂಕ ಇಂಜೆಕ್ಷನ್ ಕೊಡ್ತೀವಿ. ಎಚ್ಚರಾದ ಮ್ಯಾಲೂ ಸಂಜಿತನಕ ಪಾದಕ್ಕ ನೋವು ತಿಳಿಯಂಗಿಲ್ಲ."

ನೀಲವ್ವ ಮೆಲ್ಲಗೆ ಕೇಳಿದಳು. "ಯಾರರ ಮುಟ್ಟಿದ್ರ... ಅದೂ ತಿಳಿಯಂಗಿಲ್ಲೇನ್ರೀ?"

"ಇಲ್ಲವ್ವಾ, ಅದೂ ತಿಳಿಯಂಗಿಲ್ಲ."

ಬೆಳಿಗ್ಗೆ ಆಪರೇಷನ್ ಮುಗಿಯಿತು. ಎಚ್ಚರವಾದ ಪಲ್ಲವಿ ಅಳಲೇ ಇಲ್ಲ! ಬಿಸ್ಕತ್ತು ಕೇಳಿದಳು, ಮೊಬೈಲ್‌ನಲ್ಲಿ ಕಾರ್ಟೂನ್ ನೋಡುತ್ತಾ ಮಲಗಿದಳು.

ನೀಲವ್ವ ಮಂಚದ ತುದಿಗೆ ಹೋದಳು. ಕಳ್ಳಿಯ ಹಾಗೆ ಹೊದಿಕೆಯೊಳಗೆ ಕೈ ಹಾಕಿ, ಪಟ್ಟಿಯಿಂದ ಹೊರಗಿದ್ದ ಐದು ಪುಟ್ಟ ಬೆರಳು ಹಿಡಿದಳು.

ಮಗಳಿಗೆ ಗೊತ್ತೇ ಆಗಲಿಲ್ಲ...

ಒಂದೊಂದೇ ಬೆರಳು ಸವರಿದಳು. ಕಣ್ಣು ತುಂಬಿ ಬಂತು. ಊಟಕ್ಕೂ ಏಳಲಿಲ್ಲ.

ಸಂಜೆ ನರ್ಸ್ ಅಕ್ಕ ಬಂದು ಮಗುವಿಗೆ ನೋವಿನ ಔಷಧಿ ಕುಡಿಸಿದರು. "ಇನ್ನ ಕಾಲಿಗೆ ತಿಳಿಯಾಕ ಶುರು ಆಗ್ತೈತಿ ನೋಡವ್ವಾ."

ಎರಡು ವರ್ಷಕ್ಕೆ ಸಿಕ್ಕಿದ್ದು ಇಷ್ಟೇ... ಮಗಳಿಗೆ ತಿಳಿಯುವ ಮೊದಲೇ ಎಂದು ನೀಲವ್ವ ಮೆಲ್ಲಗೆ ಕೈ ತೆಗೆದಳು.

ಪಲ್ಲವಿ ಮೊಬೈಲ್ ಕೆಳಗಿಟ್ಟಳು.

"ಅವ್ವಾ... ಬೆಚ್ಚಗಿತ್ತು. ಯಾಕ ತಗದಿ?"

ನೀಲವ್ವ ಮಗಳತ್ತ ಬಾಗಿದಳು. "ನೋ... ನೋಯಂಗಿಲ್ಲೇನವ್ವಾ?"

"ಇಲ್ಲ. ಕೈ ಇಡು."

ಹಗಲೆಲ್ಲ ಸದ್ದಿಲ್ಲದೆ ಅತ್ತಿದ್ದ ಆ ತಾಯಿ, ಈಗ ಇಡೀ ವಾರ್ಡಿಗೆ ಕೇಳುವಂತೆ ಅತ್ತುಬಿಟ್ಟಳು.

*ಪ್ರೀತಿ ಸತ್ತಿರುವುದಿಲ್ಲ... ನೋವಿನ ಹಿಂದೆ ಅಡಗಿ ಕೂತಿರುತ್ತದೆ.*

ನಿಮ್ಮನ್ನು ಕಂಡರೆ ಹಿಂದೆ ಸರಿಯುವವರು ಯಾರಾದರೂ ಇದ್ದಾರೆಯೇ? ಅದು ಕೋಪವೋ, ಹಳೆಯ ನೋವೋ... ಒಮ್ಮೆಯಾದರೂ ಕೇಳಿದ್ದೀರಾ?